ಸಿಂಗಾಪುರದಲ್ಲಿ ಹಾಡಿನ ವಾರ

ಸೋಮವಾರ

ಚಾಂಗಿ ವಿಮಾನ ನಿಲ್ದಾಣದಿಂದ ತಂಗಿಯ ಮನೆಯವರೆಗೆ ರೈಲಿನ ಕಿಟಕಿಯಾಚೆ ಬಾವುಟಗಳೇ ಬಾವುಟಗಳು. ಸರ್ಕಾರಿ ವಸತಿ ಕಟ್ಟಡಗಳ ಮಹಡಿ ಮಹಡಿಯಲ್ಲೂ ಕೆಂಪು ಬಿಳುಪಿನ ಬಟ್ಟೆ ಇಳಿಬಿಟ್ಟಿದ್ದರು. 2024ರ ಆಗಸ್ಟ್ ಮೊದಲ ವಾರ ಅದು. 9ರಂದು ಸಿಂಗಾಪುರದ ರಾಷ್ಟ್ರೀಯ ದಿನ. 1965ರಲ್ಲಿ ಅದೇ ದಿನ ಮಲೇಷ್ಯಾದಿಂದ ಬೇರ್ಪಟ್ಟು ಈ ದ್ವೀಪ ಸ್ವತಂತ್ರ ದೇಶವಾಯಿತು.

ನಾನು ಶಿವಮೊಗ್ಗದ ಕಡೆಯ ಪ್ರೌಢಶಾಲೆಯೊಂದರಲ್ಲಿ ಸಂಗೀತ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ಸೇವೆಯಲ್ಲಿದ್ದಾಗ ಆಗಸ್ಟ್‌ನಲ್ಲಿ ಊರು ಬಿಡುವ ಮಾತೇ ಇರಲಿಲ್ಲ. ಸ್ವಾತಂತ್ರ್ಯೋತ್ಸವಕ್ಕೆ ಸಮೂಹ ಗಾಯನ ಸಿದ್ಧಪಡಿಸುವುದು ನನ್ನ ಪಾಲಿಗೆ ವರ್ಷದ ದೊಡ್ಡ ಕೆಲಸ. ಆ ಕೆಲಸದಲ್ಲಿ ಒಂದು ಪ್ರಶ್ನೆ ನನ್ನನ್ನು ಕೊನೆಯವರೆಗೂ ಕಾಡಿತ್ತು. ಮೇಲಿನವರು ಹೇಳಿ ಬರೆಸಿದ ಹಾಡು ಜನರ ಹಾಡಾಗುವುದು ಯಾವಾಗ? ಕೆಲವು ಗೀತೆಗಳನ್ನು ಮಕ್ಕಳು ಕಂಠ ಬಿಚ್ಚಿ ಹಾಡುತ್ತಾರೆ, ಮನೆಗೆ ಹೋಗುವಾಗಲೂ ಹಾಡುತ್ತಾರೆ. ಅಷ್ಟೇ ಒಳ್ಳೆಯ ಸಾಹಿತ್ಯವಿರುವ ಇನ್ನು ಕೆಲವು ವೇದಿಕೆ ಇಳಿಯುತ್ತಲೇ ಸತ್ತುಹೋಗುತ್ತವೆ. ಈ ಪ್ರಶ್ನೆಯನ್ನು ಇಟ್ಟುಕೊಂಡು ನೋಡಬೇಕಾದ ದೇಶವೆಂದರೆ ಸಿಂಗಾಪುರ. ಇಂಗ್ಲಿಷ್, ಮ್ಯಾಂಡರಿನ್ ಚೀನೀ, ಮಲಯ, ತಮಿಳು ಎಂಬ ನಾಲ್ಕು ಅಧಿಕೃತ ಭಾಷೆಗಳಿರುವ ಈ ದೇಶದಲ್ಲಿ ಸರ್ಕಾರವೇ ಹಾಡು ಬರೆಸುತ್ತದೆ, ಧ್ವನಿಮುದ್ರಿಸುತ್ತದೆ, ಶಾಲೆಗಳಿಗೆ ಕಳಿಸುತ್ತದೆ.

ತಂಗಿಯ ಮಗಳು ಐದನೆಯ ತರಗತಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಅಲ್ಲಿ ಭಾರತೀಯ ಮಕ್ಕಳು ಮಾತೃಭಾಷೆಯ ವಿಷಯವಾಗಿ ತಮಿಳನ್ನು, ಇಲ್ಲವೇ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದುಗಳಲ್ಲಿ ಒಂದನ್ನು ಓದಬಹುದು. ಪಟ್ಟಿಯಲ್ಲಿ ಕನ್ನಡವಿಲ್ಲ. ಹಾಗಾಗಿ ಅವಳದು ಹಿಂದಿ. ರಾತ್ರಿ ಊಟವಾದ ಮೇಲೆ ಅವಳು ನನ್ನ ಎದುರು ನೆಟ್ಟಗೆ ನಿಂತು ಮಲಯ ಭಾಷೆಯಲ್ಲಿ ರಾಷ್ಟ್ರಗೀತೆ ಹಾಡಿದಳು. ಉಚ್ಚಾರ ಎಲ್ಲೂ ತೊದಲಲಿಲ್ಲ.

ಮಂಗಳವಾರ

ಬೆಳಿಗ್ಗೆಯೇ ವಿಕ್ಟೋರಿಯಾ ಥಿಯೇಟರ್ ಮುಂದೆ ಇದ್ದೆ. ನಡುವೆ ಗಡಿಯಾರದ ಗೋಪುರ, ಎರಡು ಕಡೆ ಬಿಳಿಯ ಕಟ್ಟಡಗಳು. ಒಂದು ನಾಟಕಶಾಲೆ, ಇನ್ನೊಂದು ಸಂಗೀತ ಸಭಾಂಗಣ. 1958ರಲ್ಲಿ ನಾಟಕಶಾಲೆಯ ನವೀಕರಣ ಮುಗಿಯುವ ಹೊತ್ತಿಗೆ ನಗರಸಭೆಗೆ ತನ್ನ ಸಮಾರಂಭಗಳಲ್ಲಿ ಹಾಡಿಸಲು ಒಂದು ಗೀತೆ ಬೇಕಿತ್ತು. ಆ ಕೆಲಸವನ್ನು ಸಂಗೀತ ಸಂಯೋಜಕ ಜುಬೀರ್ ಸೈದ್ ಅವರಿಗೆ ಒಪ್ಪಿಸಿದರು. ‘ಮಜುಲಾ ಸಿಂಗಾಪುರ’ ಎಂಬ ಶೀರ್ಷಿಕೆಯನ್ನೂ ನಗರಸಭೆಯವರೇ ಕೊಟ್ಟಿದ್ದರು. ಸಿಂಗಾಪುರ ಮುನ್ನಡೆಯಲಿ ಎಂದು ಅರ್ಥ. 1958ರ ಸೆಪ್ಟೆಂಬರ್ 6ರಂದು ಇದೇ ನಾಟಕಶಾಲೆಯಲ್ಲಿ ಅದರ ಮೊದಲ ಪ್ರಯೋಗ ನಡೆಯಿತು. ಅಂದು ಅದು ರಾಷ್ಟ್ರಗೀತೆಯಲ್ಲ, ಏಕೆಂದರೆ ರಾಷ್ಟ್ರವೇ ಇರಲಿಲ್ಲ. ಒಂದು ನಗರದ ಗೀತೆ, ಅಷ್ಟೆ.

ಜುಬೀರ್ ಸೈದ್ ಹುಟ್ಟಿದ್ದು 1907ರಲ್ಲಿ, ಪಶ್ಚಿಮ ಸುಮಾತ್ರಾದ ಬುಕಿಟಿಂಗಿಯಲ್ಲಿ. ಸಂಗೀತ ಧರ್ಮಕ್ಕೆ ಒಪ್ಪುವುದಿಲ್ಲವೆಂದು ತಂದೆ ವಿರೋಧಿಸಿದ್ದರು. 1928ರಲ್ಲಿ ಸಮುದ್ರ ದಾಟಿ ಸಿಂಗಾಪುರಕ್ಕೆ ಬಂದವರು ‘ಬಾಂಗ್ಸಾವಾನ್’ ನಾಟಕ ಮಂಡಳಿಯೊಂದನ್ನು ಸೇರಿದರು. ಈ ಬಾಂಗ್ಸಾವಾನ್ ಎಂಬುದು ನಮಗೆ ಬಹಳ ಹತ್ತಿರದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪಾರ್ಸಿ ನಾಟಕ ಮಂಡಳಿಗಳು ಹಡಗು ಹತ್ತಿ ಪೆನಾಂಗಿಗೆ ಹೋಗಿ ಆಡಿದ ಆಟಗಳನ್ನು ನೋಡಿ ಅಲ್ಲಿನವರು ಕಟ್ಟಿಕೊಂಡ ರಂಗಭೂಮಿ ಅದು. ನಮ್ಮ ಕಂಪನಿ ನಾಟಕಗಳ ಪರದೆ, ಹಾರ್ಮೋನಿಯಂ, ಸೀನುಗಳ ನಡುವಿನ ಹಾಡುಗಳಿಗೂ ಮೂಲ ಅಂಥವೇ ಮಂಡಳಿಗಳು. ಗದಗ ಹುಬ್ಬಳ್ಳಿಗಳ ನಾಟಕ ಕಂಪನಿಯ ಮಾಸ್ತರರೊಬ್ಬರು ಎದುರಿಗೆ ಬಂದರೆ ಜುಬೀರ್ ಅವರಿಗೂ ಅವರಿಗೂ ಮಾತಾಡಲು ಬೇಕಾದಷ್ಟು ವಿಷಯ ಇರುತ್ತಿತ್ತು. ಮುಂದೆ ಅವರು ಗ್ರಾಮಫೋನ್ ಕಂಪನಿಗೆ, ಆಮೇಲೆ ಮಲಯ ಚಲನಚಿತ್ರಗಳಿಗೆ ಸಂಗೀತ ಕೊಟ್ಟರು. ಹೀಗೆ ಜನಪ್ರಿಯ ಸಂಗೀತದಲ್ಲಿ ಪಳಗಿದವರಿಂದ ರಾಷ್ಟ್ರಗೀತೆ ಹುಟ್ಟಿತು. ಅದು ಬಾಯಿಗೆ ಹತ್ತಲು ಇದೇ ಮೊದಲ ಕಾರಣ ಎಂದು ನನಗೆ ತೋರುತ್ತದೆ.

ಥಿಯೇಟರ್‌ನಿಂದ ಸ್ವಲ್ಪ ದೂರ ನಡೆದರೆ ಪಡಾಂಗ್ ಮೈದಾನ, ಅದರ ಎದುರು ಹಳೆಯ ಸಿಟಿ ಹಾಲ್. ಶುಕ್ರವಾರದ ಪೆರೇಡಿಗಾಗಿ ಮೈದಾನದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಆಸನಗಳು ಎದ್ದಿದ್ದವು. 1959ರಲ್ಲಿ ಸಿಂಗಾಪುರಕ್ಕೆ ಒಳಾಡಳಿತದ ಹಕ್ಕು ಸಿಕ್ಕಾಗ ಉಪಪ್ರಧಾನಿ ತೋ ಚಿನ್ ಚ್ಯೆ ಅವರಿಗೆ ಒಂದು ನಾಡಗೀತೆ ತುರ್ತಾಗಿ ಬೇಕಾಯಿತು. ಜನರಿಗೆ ಆಗಲೇ ಪರಿಚಯವಾಗಿದ್ದ ನಗರಗೀತೆಯನ್ನು ಚಿಕ್ಕದು ಮಾಡಿಕೊಡಲು ಜುಬೀರ್ ಅವರನ್ನು ಕೇಳಿದರು. 1959ರ ಡಿಸೆಂಬರ್ 3ರಂದು ಸಿಟಿ ಹಾಲ್ ಮೆಟ್ಟಿಲ ಮೇಲೆ ಯೂಸುಫ್ ಇಶಾಕ್ ರಾಜ್ಯದ ಮುಖ್ಯಸ್ಥರಾಗಿ ಅಧಿಕಾರ ಸ್ವೀಕರಿಸಿದಾಗ ಹೊಸ ಬಾವುಟವನ್ನೂ ಈ ಗೀತೆಯನ್ನೂ ಜನರ ಮುಂದಿಟ್ಟರು. 1965ರಲ್ಲಿ ಅದೇ ರಾಷ್ಟ್ರಗೀತೆಯಾಯಿತು.

ಇಲ್ಲಿ ನಾನು ಬಹಳ ಹೊತ್ತು ಯೋಚಿಸುತ್ತ ನಿಂತದ್ದು ಭಾಷೆಯ ಬಗ್ಗೆ. 2020ರ ಜನಗಣತಿಯಂತೆ ಅಲ್ಲಿನ ನಿವಾಸಿಗಳಲ್ಲಿ ಚೀನೀಯರು ಶೇ 74ರಷ್ಟು, ಮಲಯರು ಶೇ 13.5, ಭಾರತೀಯರು ಶೇ 9. ರಾಷ್ಟ್ರಗೀತೆ ಇರುವುದು ಆ ಶೇ 13.5ರವರ ಭಾಷೆಯಲ್ಲಿ. ಬೇರೆ ಭಾಷೆಗಳಲ್ಲಿ ಅನುವಾದವಿದೆ, ಆದರೆ ಅದನ್ನು ಹಾಡುವಂತಿಲ್ಲ, ಹಾಡುವುದು ಮಲಯದಲ್ಲೇ. ಹುಟ್ಟಿದ ಸಂದರ್ಭವನ್ನು ನೋಡಿದರೆ ಇದು ಸಹಜ. ಮಲಯ ಜಗತ್ತಿನ ನಡುವೆ ಇರುವ ದ್ವೀಪ, ಮುಂದೆ ನೆರೆಯ ಮಲಯಾ ದೇಶದ ಜೊತೆ ಸೇರುವ ಆಸೆಯಿದ್ದ ಕಾಲ. ಬೇರ್ಪಟ್ಟ ಮೇಲೆ ಬದಲಿಸಬಹುದಿತ್ತು, ಬದಲಿಸಲಿಲ್ಲ. ಇದು ಆ ದೇಶ ಮಾಡಿದ ಅತ್ಯುತ್ತಮ ಕೆಲಸಗಳಲ್ಲಿ ಒಂದು ಎಂಬುದು ನನ್ನ ಅಭಿಪ್ರಾಯ. ಬಂಗಾಳಿಯಲ್ಲಿ ಬರೆದ ಜನಗಣಮನವನ್ನು ಕಾರವಾರದ ಮಗುವೂ ಕೋಲಾರದ ಮಗುವೂ ತನ್ನದೆಂದೇ ಹಾಡುವುದನ್ನು ಕಂಡ ನಮಗೆ ಇದು ಬೇಗ ಅರ್ಥವಾಗುತ್ತದೆ. ದೊಡ್ಡ ಗುಂಪು ಸಣ್ಣ ಗುಂಪಿನ ಭಾಷೆಯಲ್ಲಿ ದಿನವೂ ಹಾಡಿದರೆ ಸಣ್ಣ ಗುಂಪಿನ ಮಗುವಿಗೆ ಸಿಗುವ ಧೈರ್ಯವನ್ನು ಯಾವ ಭಾಷಣವೂ ಕೊಡಲಾರದು.

ಗೀತೆ ಬರೆಯುವಾಗ ತನಗೆ ದಾರಿ ತೋರಿದ್ದು ಒಂದು ಮಲಯ ಗಾದೆ ಎಂದು ಜುಬೀರ್ ಹೇಳಿದ್ದರು. ನಿಂತ ನೆಲ ಯಾವುದೋ ಅಲ್ಲಿನ ಆಕಾಶವನ್ನೇ ತಲೆಯ ಮೇಲೆ ಹೊರು ಎಂಬ ಭಾವದ ಗಾದೆ ಅದು. ಸುಮಾತ್ರಾದಿಂದ ವಲಸೆ ಬಂದವರ ಬಾಯಲ್ಲಿ ಆ ಮಾತಿಗೆ ತೂಕವಿದೆ. ಅವರು 1987ರಲ್ಲಿ ತೀರಿಕೊಂಡರು. ಸಂಜೆ ಡೋಬಿ ಘಾಟ್ ಹತ್ತಿರದ ಕಲಾ ಶಾಲೆಯನ್ನು ಹೊರಗಿನಿಂದ ನೋಡಿದೆ. ಆ ಶಾಲೆಯಿರುವ ರಸ್ತೆಗೆ ಅವರ ಹೆಸರಿದೆ. ಸಂಗೀತ ಕಲಿಯುವ ಮಕ್ಕಳು ದಿನವೂ ಅವರ ಹೆಸರಿನ ಹಾದಿಯಲ್ಲಿ ಹೋಗಿ ಬರುತ್ತಾರೆ.

ಶಿಕ್ಷಕಿಯಾಗಿ ನನ್ನನ್ನು ಸೆಳೆದ ಇನ್ನೊಂದು ಸಂಗತಿ. ಈ ಗೀತೆಯನ್ನು ಹಿಂದೆ ಜಿ ಶ್ರುತಿಯಲ್ಲಿ, ಅಂದರೆ ನಮ್ಮ ಹಾರ್ಮೋನಿಯಂ ಮಾತಿನಲ್ಲಿ ಬಿಳಿ ಐದರಲ್ಲಿ ಹಾಡುತ್ತಿದ್ದರು. ತಾರದ ಸ್ವರಗಳು ಸಾಮಾನ್ಯರ ಕಂಠಕ್ಕೆ ಎಟುಕುವುದು ಕಷ್ಟವಾಗುತ್ತಿತ್ತು. 2001ರಲ್ಲಿ ಫೂನ್ ಯೂ ತ್ಯೆನ್ ಅವರ ಹೊಸ ವಾದ್ಯ ಸಂಯೋಜನೆಯಲ್ಲಿ ಅದನ್ನು ಎಫ್ ಶ್ರುತಿಗೆ, ಬಿಳಿ ನಾಲ್ಕಕ್ಕೆ ಇಳಿಸಿ ಸಿಂಗಾಪುರ್ ಸಿಂಫನಿ ಆರ್ಕೆಸ್ಟ್ರಾದಿಂದ ಮತ್ತೆ ಧ್ವನಿಮುದ್ರಿಸಿದರು. ಒಂದು ಸರ್ಕಾರ ತನ್ನ ಜನರ ಗಂಟಲನ್ನು ಗಮನಕ್ಕೆ ತಂದುಕೊಂಡು ರಾಷ್ಟ್ರಗೀತೆಯ ಶ್ರುತಿ ಇಳಿಸಿತು ಎಂಬುದನ್ನು ಓದಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಎತ್ತರದ ಶ್ರುತಿಯಲ್ಲಿ ಮಕ್ಕಳನ್ನು ಕಿರುಚಿಸುವ ಎಷ್ಟು ಸಮಾರಂಭಗಳನ್ನು ನೋಡಿದ್ದೇನೆ!

ಬುಧವಾರ

ಬಾಲೆಸ್ಟಿಯರ್ ರಸ್ತೆಯಿಂದ ಒಳಗೆ ತಿರುಗಿದರೆ ಜಲಾನ್ ಅಂಪಾಸ್ ಎಂಬ ಸಣ್ಣ ಬೀದಿ. ಅಲ್ಲಿದ್ದ ಶಾ ಸಹೋದರರ ಸ್ಟುಡಿಯೋ 1947ರಿಂದ 1967ರವರೆಗೆ ನೂರೈವತ್ತಕ್ಕೂ ಹೆಚ್ಚು ಮಲಯ ಚಿತ್ರಗಳನ್ನು ತಯಾರಿಸಿತು. ಈಗ ಮುಚ್ಚಿದ ಗೇಟು, ಹಳೆಯ ಗೋಡೆ. ಗೇಟಿನಾಚೆ ನೋಡುವುದಕ್ಕೆ ಏನೂ ಇಲ್ಲ, ನೆನೆಯುವುದಕ್ಕೆ ಬೇಕಾದಷ್ಟಿದೆ. ಪೆನಾಂಗಿನಿಂದ 1948ರಲ್ಲಿ ಬಂದ ತರುಣ ಪಿ. ರಾಮ್ಲಿ ಇಲ್ಲಿಯೇ ಹಿನ್ನೆಲೆ ಗಾಯಕರಾಗಿ, ನಟರಾಗಿ, ಸಂಗೀತ ನಿರ್ದೇಶಕರಾಗಿ, ಚಿತ್ರ ನಿರ್ದೇಶಕರಾಗಿ ಬೆಳೆದರು. ಅವರ ‘ಗೆತಾರಾನ್ ಜಿವಾ’ ಹಾಡನ್ನು ಇಂದಿಗೂ ಸಿಂಗಾಪುರ, ಮಲೇಷ್ಯಾ ಎರಡೂ ಕಡೆ ತಮ್ಮದೆನ್ನುತ್ತಾರೆ. 1960ರ ಚಿತ್ರದ ಹಾಡು, ಎರಡು ದೇಶಗಳು ಬೇರೆಯಾಗುವುದಕ್ಕಿಂತ ಹಿಂದಿನದು.

ಆ ಕಾಲದ ಮಲಯ ಚಿತ್ರಗಳನ್ನು ನಿರ್ದೇಶಿಸಿದವರಲ್ಲಿ ಅನೇಕರು ಭಾರತೀಯರು. ಬಿ. ಎಸ್. ರಾಜ್‌ಹನ್ಸ್, ಎಲ್. ಕೃಷ್ಣನ್, ಫಣಿ ಮಜುಂದಾರ್. ಮಜುಂದಾರ್ ನಿರ್ದೇಶಿಸಿದ 1956ರ ‘ಹಂಗ್ ತುವಾ’ದಲ್ಲಿ ರಾಮ್ಲಿಯವರೇ ನಾಯಕ. ಕಥೆ ಕಟ್ಟುವ ರೀತಿ, ನಡುನಡುವೆ ಹಾಡು ಬರುವ ರೀತಿ ನಮ್ಮ ಚಿತ್ರಗಳನ್ನು ನೋಡಿ ಬೆಳೆದವರಿಗೆ ತಟ್ಟನೆ ಗುರುತು ಸಿಗುತ್ತದೆ. ಚೀನೀ ಮಾಲೀಕರು, ಭಾರತೀಯ ನಿರ್ದೇಶಕರು, ಮಲಯ ಕಲಾವಿದರು. ಯಾವ ಸರ್ಕಾರವೂ ಹೇಳದೆಯೇ ಬಹುಭಾಷಾ ಸಂಗೀತ ಇಲ್ಲಿ ಆಗಲೇ ಹುಟ್ಟಿತ್ತು.

ಮಧ್ಯಾಹ್ನ ವಿಕ್ಟೋರಿಯಾ ಬೀದಿಯ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕುಳಿತು ಹಳೆಯ ಹಾಡುಗಳನ್ನು ಕೇಳಿದೆ. 1961ರಲ್ಲಿ ಕ್ಲಿಫ್ ರಿಚರ್ಡ್ ಮತ್ತು ಶ್ಯಾಡೋಸ್ ತಂಡ ಇಲ್ಲಿ ಕಾರ್ಯಕ್ರಮ ಕೊಟ್ಟ ಮೇಲೆ ಹುಡುಗರೆಲ್ಲ ಗಿಟಾರ್ ಹಿಡಿದರು. 1964ರಲ್ಲಿ ಕ್ವೆಸ್ಟ್ಸ್ ಎಂಬ ಸ್ಥಳೀಯ ತಂಡದ ‘ಶಾಂಟಿ’ ಎಂಬ ವಾದ್ಯಸಂಗೀತ ಬೀಟಲ್ಸ್ ಹಾಡನ್ನೇ ಕೆಳಗಿಳಿಸಿ ಅಲ್ಲಿನ ಜನಪ್ರಿಯತೆಯ ಪಟ್ಟಿಯ ತುದಿಗೇರಿತು. ಮಲಯ ತರುಣರ ‘ಪಾಪ್ ಯೇ ಯೇ’ ಹಾಡುಗಳೂ ಅದೇ ಕಾಲದವು. ಆಮೇಲೆ ಸರ್ಕಾರಕ್ಕೆ ಈ ಸಂಗೀತದ ಮೇಲೆ, ಅದಕ್ಕಿಂತ ಹೆಚ್ಚಾಗಿ ಹಾಡುವವರ ಉದ್ದ ಕೂದಲಿನ ಮೇಲೆ ಸಿಟ್ಟು ಬಂತು. 1972ರಲ್ಲಿ ಲೆಡ್ ಜೆಪ್ಪೆಲಿನ್ ತಂಡ ಕೂದಲಿನ ಕಾರಣಕ್ಕೇ ಕಾರ್ಯಕ್ರಮ ಕೊಡದೆ ಹಿಂದಿರುಗಬೇಕಾಯಿತು. ಹಾಡು ಬರೆಸುವ ಸರ್ಕಾರವೇ ಹಾಡಿನ ಬಾಯಿ ಮುಚ್ಚಿಸಿದ್ದನ್ನೂ ಹೇಳದಿದ್ದರೆ ಈ ಕಥನ ಪ್ರಾಮಾಣಿಕವಾಗುವುದಿಲ್ಲ.

ಗ್ರಂಥಾಲಯದ ಎದುರಿಗೇ ಬ್ರಾಸ್ ಬಸಾ ಕಾಂಪ್ಲೆಕ್ಸ್. ಪುಸ್ತಕದ ಅಂಗಡಿಗಳಿಂದಾಗಿ ಚೀನೀಯರು ಅದನ್ನು ಪುಸ್ತಕ ನಗರ ಎನ್ನುತ್ತಾರೆ. 1980ರ ದಶಕದಲ್ಲಿ ಇದರ ಅಂಗಳದಲ್ಲಿ ವಿದ್ಯಾರ್ಥಿಗಳು ಗಿಟಾರ್ ಹಿಡಿದು ತಾವೇ ಬರೆದ ಮ್ಯಾಂಡರಿನ್ ಹಾಡುಗಳನ್ನು ಹಾಡುತ್ತಿದ್ದರು. ಈ ಹಾಡುಗಳಿಗೆ ‘ಶಿನ್ಯಾವ್’ ಎಂಬ ಹೆಸರು ಬಂತು. ಹಿನ್ನೆಲೆ ತಿಳಿಯದಿದ್ದರೆ ಇವು ಬರಿಯ ಕಾಲೇಜು ಹುಡುಗರ ಪ್ರೇಮಗೀತೆಗಳಂತೆ ಕೇಳಿಸುತ್ತವೆ. ಚೀನೀ ಮಾಧ್ಯಮದ ನಾನ್ಯಾಂಗ್ ವಿಶ್ವವಿದ್ಯಾಲಯ 1980ರಲ್ಲಿ ವಿಲೀನವಾಗಿ ಹೋಯಿತು. ದಶಕ ಮುಗಿಯುವುದರೊಳಗೆ ಶಾಲೆಗಳೆಲ್ಲ ಇಂಗ್ಲಿಷ್‌ಗೆ ತಿರುಗಿದವು. ಓದಿದ ಭಾಷೆಯೇ ಕಾಲಡಿಯಿಂದ ಜಾರುತ್ತಿದ್ದಾಗ ಆ ತಲೆಮಾರು ಅದನ್ನು ಹಾಡಿನಲ್ಲಿ ಹಿಡಿದುಕೊಂಡಿತು. ಕನ್ನಡ ಮಾಧ್ಯಮದ ಶಾಲೆಗಳು ಒಂದೊಂದಾಗಿ ಬಾಗಿಲು ಹಾಕುವುದನ್ನು ನೋಡುತ್ತ ನಿವೃತ್ತಳಾದ ನನಗೆ ಆ ಅಂಗಳದಲ್ಲಿ ನಿಂತಾಗ ಕಣ್ಣು ತುಂಬಿತು. 2014ರಲ್ಲಿ ಅದೇ ಜಾಗದಲ್ಲಿ ಮತ್ತೆ ಶಿನ್ಯಾವ್ ಸಂಜೆ ನಡೆದಾಗ ಅಂಗಳವೂ ಮೇಲಿನ ಮಹಡಿಗಳ ಕಟಾಂಜನವೂ ಜನರಿಂದ ತುಂಬಿಹೋಗಿದ್ದವು.

ಈ ಹಾಡುಗಳ ಮುಖ್ಯ ಕವಿ ಲಿಯಾಂಗ್ ವೆನ್ ಫೂಕ್. ಅವರ ಒಂದು ಹಾಡಿನಲ್ಲಿ, ಬಿದಿರ ಕಡ್ಡಿ ಕಚ್ಚಿದ ಗುಬ್ಬಿಯ ಹಾಡದು, ಕ್ಯಾಂಟನೀಸ್ ಸಾಲುಗಳಿದ್ದವು. ಚೀನೀಯರೆಲ್ಲ ಮ್ಯಾಂಡರಿನ್ ಆಡಲಿ ಎಂದು ಸರ್ಕಾರ 1979ರಲ್ಲಿ ಆರಂಭಿಸಿದ ಆಂದೋಲನದ ನಂತರ ಹೊಕಿಯನ್, ಕ್ಯಾಂಟನೀಸ್, ತಿಯೋಚ್ಯೂ ಮುಂತಾದ ಚೀನೀ ಮನೆಮಾತುಗಳಿಗೆ ರೇಡಿಯೋ ಟಿವಿಗಳಲ್ಲಿ ಬಹುತೇಕ ಜಾಗವಿಲ್ಲದಂತಾಗಿತ್ತು. ಹಾಗಾಗಿ 1990ರಿಂದ 2013ರವರೆಗೆ ಆ ಗುಬ್ಬಿಯ ಹಾಡು ಪ್ರಸಾರವಾಗಲಿಲ್ಲ. ಅದೇ ಕವಿಗೆ 2010ರಲ್ಲಿ ದೇಶದ ಅತ್ಯುನ್ನತ ಸಾಂಸ್ಕೃತಿಕ ಪ್ರಶಸ್ತಿ ಬಂದಾಗಲೂ ನಿಷೇಧ ಜಾರಿಯಲ್ಲಿತ್ತು. ನಾಲ್ಕು ಭಾಷೆಗಳಿಗೆ ಸಮಾನ ಗೌರವ ಕೊಟ್ಟ ದೇಶ ಬಹುಸಂಖ್ಯಾತರದೇ ಮನೆಮಾತುಗಳನ್ನು ಹೀಗೆ ಹೊರಗಿಟ್ಟದ್ದು ದೊಡ್ಡ ನಷ್ಟವೆಂದೇ ನಾನು ತಿಳಿಯುತ್ತೇನೆ.

ರಾತ್ರಿ ತಂಗಿಯ ಪಕ್ಕದ ಮನೆಯ ಚೀನೀ ಹಿರಿಯರು ನಮ್ಮನ್ನು ‘ಗೆತಾಯ್’ ನೋಡಲು ಕರೆದುಕೊಂಡು ಹೋದರು. ಚೀನೀ ಪಂಚಾಂಗದ ಏಳನೆಯ ತಿಂಗಳು ಆಗತಾನೇ ಶುರುವಾಗಿತ್ತು, ನಮ್ಮ ಪಿತೃಪಕ್ಷದಂತೆ ಸತ್ತವರನ್ನು ನೆನೆಯುವ ಕಾಲ. ಬಯಲಿನಲ್ಲಿ ಚಪ್ಪರ, ಬಣ್ಣದ ದೀಪಗಳ ವೇದಿಕೆ, ಮಿನುಗುವ ಅಂಗಿಯ ಗಾಯಕಿಯರು. ಮುಂದಿನ ಸಾಲಿನ ಕುರ್ಚಿಗಳೆಲ್ಲ ಖಾಲಿ, ಅವು ಬಂದುಹೋಗುವ ಪ್ರೇತಾತ್ಮಗಳಿಗೆ. ಹಿಂದಿನ ಸಾಲುಗಳಲ್ಲಿ ವಯಸ್ಸಾದವರು ಹೊಕಿಯನ್ ಹಾಡುಗಳಿಗೆ ತುಟಿ ಆಡಿಸುತ್ತಿದ್ದರು. ಯಾವ ಸರ್ಕಾರವೂ ಇವುಗಳನ್ನು ಬರೆಸಿಲ್ಲ, ಶಾಲೆಯಲ್ಲಿ ಕಲಿಸಿಲ್ಲ. ಆದರೂ ಒಬ್ಬರೂ ಸಾಹಿತ್ಯ ಮರೆತಿರಲಿಲ್ಲ. ‘ನನ್ನ ಮೊಮ್ಮಗನಿಗೆ ಇದು ಒಂದಕ್ಷರವೂ ಅರ್ಥವಾಗುವುದಿಲ್ಲ’ ಎಂದರು ನಮ್ಮ ಜೊತೆಯವರು, ಮತ್ತೆ ಹಾಡಿಗೆ ಚಪ್ಪಾಳೆ ಕೂಡಿಸಿದರು.

ಗುರುವಾರ

ಬೆಳಿಗ್ಗೆ ಮಗುವನ್ನು ಬಿಡಲು ಶಾಲೆಯ ಗೇಟಿನವರೆಗೆ ಹೋದೆ. ರಾಷ್ಟ್ರೀಯ ದಿನದ ಹಿಂದಿನ ದಿನ ಶಾಲೆಗಳಲ್ಲೇ ಆಚರಣೆ. ಮಕ್ಕಳೆಲ್ಲ ಕೆಂಪು ಬಿಳುಪು ತೊಟ್ಟಿದ್ದರು. ಬೇಲಿಯ ಹೊರಗೆ ನಿಂತೇ ಎಲ್ಲವನ್ನೂ ಕೇಳಿದೆ. ರಾಷ್ಟ್ರಗೀತೆ, ಆಮೇಲೆ ಎಸ್. ರಾಜರತ್ನಂ 1966ರಲ್ಲಿ ರಚಿಸಿದ ಪ್ರತಿಜ್ಞೆ, ಆಮೇಲೆ ಹಾಡುಗಳ ಸರಮಾಲೆ. ನೂರಾರು ಕಂಠಗಳಲ್ಲಿ ಸ್ವರ ಅಲ್ಲಲ್ಲಿ ಅಲುಗಿತು, ತಾಳ ಮಾತ್ರ ಗಟ್ಟಿ.

ಸರ್ಕಾರಿ ದೇಶಭಕ್ತಿಗೀತೆಗಳ ದೊಡ್ಡ ಅಲೆ ಶುರುವಾದದ್ದು 1984ರಲ್ಲಿ, ಸ್ವಯಮಾಡಳಿತದ ಇಪ್ಪತ್ತೈದನೆಯ ವರ್ಷಕ್ಕೆ. ‘ಸ್ಟ್ಯಾಂಡ್ ಅಪ್ ಫಾರ್ ಸಿಂಗಾಪುರ್’ ಬರೆದವರು ಜಾಹೀರಾತು ಸಂಸ್ಥೆಗೆ ಕೆಲಸ ಮಾಡುತ್ತಿದ್ದ ಹ್ಯೂ ಹ್ಯಾರಿಸನ್. 1986ರ ‘ಕೌಂಟ್ ಆನ್ ಮಿ ಸಿಂಗಾಪುರ್’, 1987ರ ‘ವಿ ಆರ್ ಸಿಂಗಾಪುರ್’ ಕೂಡ ಅವರವೇ. 1988ರಲ್ಲಿ ‘ಸಿಂಗ್ ಸಿಂಗಾಪುರ್’ ಎಂಬ ಆಂದೋಲನವೇ ಆರಂಭವಾಗಿ ನಾಲ್ಕೂ ಭಾಷೆಗಳ ಹಾಡುಗಳು ಪುಸ್ತಕ ಕ್ಯಾಸೆಟ್‌ಗಳಾಗಿ ಮನೆಮನೆ ಸೇರಿದವು. ಈ ಇಂಗ್ಲಿಷ್ ಗೀತೆಗಳಲ್ಲಿ ಲವಲವಿಕೆ ಇದೆ, ಮಕ್ಕಳ ನಾಲಿಗೆಗೆ ಬೇಗ ಹತ್ತುತ್ತವೆ. ಆದರೆ 2021ರಲ್ಲಿ ನಡೆದ ಒಂದು ಪ್ರಸಂಗ ನನ್ನ ಮನಸ್ಸಿನಲ್ಲಿ ಉಳಿದಿದೆ. ‘ಕೌಂಟ್ ಆನ್ ಮಿ’ ಹಾಡನ್ನು ಸಿಂಗಾಪುರದ ಜಾಗದಲ್ಲಿ ಇಂಡಿಯಾ ಎಂದಿಟ್ಟು ಭಾರತದ ಮಕ್ಕಳು ಹಾಡುತ್ತಿದ್ದ ವಿಡಿಯೋಗಳು ಹೊರಬಂದವು. ಭಾರತದವರೊಬ್ಬರು ಅದನ್ನು ತಾವು 1983ರಲ್ಲೇ ಬರೆದದ್ದೆಂದರು, ಹ್ಯಾರಿಸನ್ ಅಲ್ಲಗಳೆದರು, ಕಡೆಗೆ ಹೇಳಿದವರು ತಮ್ಮ ಮಾತನ್ನು ಹಿಂತೆಗೆದುಕೊಂಡರು. ಕೃತಿಸ್ವಾಮ್ಯದ ಮಾತು ಒಂದು ಕಡೆ ಇರಲಿ. ದೇಶದ ಹೆಸರು ಬದಲಿಸಿದರೂ ಹಾಡಿನ ನಡೆ ಕೆಡಲಿಲ್ಲ, ಅರ್ಥವೂ ಕೆಡಲಿಲ್ಲ. ಎಲ್ಲ ದೇಶಕ್ಕೂ ಹೊಂದುವ ದೇಶಭಕ್ತಿಗೀತೆಯಲ್ಲಿ ಆ ದೇಶದ ಮಣ್ಣು ಎಲ್ಲಿದೆ?

ನನ್ನನ್ನು ಗೆದ್ದದ್ದು ಬೇರೆ ಹಾಡು. ಬೇಲಿಯಾಚೆಯಿಂದ ಇದ್ದಕ್ಕಿದ್ದಂತೆ ತಮಿಳು ಕೇಳಿಸಿತು. ‘ಮುನ್ನೇರು ವಾಲಿಬಾ’, ಮುನ್ನಡೆ ತರುಣನೇ ಎಂಬ ಹಾಡು. ಎಸ್. ಜೇಸುದಾಸನ್ ಎಂಬ ಶಿಕ್ಷಕರು 1960ರ ದಶಕದಲ್ಲಿ, ದೇಶ ಹೊಸದಾಗಿದ್ದಾಗ ರಚಿಸಿದ್ದು. ನಡಿಗೆಯ ಲಯ, ಸಣ್ಣ ಸಣ್ಣ ಸಾಲು, ಎಲ್ಲೂ ಉಸಿರು ಕಟ್ಟುವುದಿಲ್ಲ. ಮಕ್ಕಳಿಗೆ ಕಲಿಸಿ ಬಲ್ಲವರೇ ಇಂಥ ಹಾಡು ಕಟ್ಟಲು ಸಾಧ್ಯ. ಹಾಡುತ್ತಿದ್ದವರಲ್ಲಿ ಹೆಚ್ಚಿನವರು ತಮಿಳಿನ ಒಂದು ವಾಕ್ಯವನ್ನೂ ಮನೆಯಲ್ಲಿ ಆಡದ ಚೀನೀ, ಮಲಯ ಮಕ್ಕಳು. ಉಚ್ಚಾರ ಅಲ್ಲಲ್ಲಿ ಚೀನೀ ವರಸೆ ಹಿಡಿಯಿತು. ಅದರಿಂದ ಹಾಡಿಗೆ ಕುಂದಾಗಲಿಲ್ಲ.

ಸಂಜೆ ಮಗುವನ್ನು ಕೇಳಿದೆ, ನಿನಗೆ ಯಾವುದು ಇಷ್ಟ?

‘ಚಾನ್ ಮಾಲಿ ಚಾನ್, ದೊಡ್ಡಮ್ಮ. ಅದರಲ್ಲಿ ಮೇಕೆ ಬರುತ್ತದೆ.’

ಮಲಯ ಜನಪದ ಗೀತೆ ಅದು, ದೇಶದ ಸುದ್ದಿಯೇ ಅದರಲ್ಲಿಲ್ಲ. ಅದನ್ನೂ ರಾಷ್ಟ್ರೀಯ ಗೀತೆಗಳ ಪುಸ್ತಕದಲ್ಲಿ ಸೇರಿಸಿದವರ ತಿಳಿವಳಿಕೆಯನ್ನು ಮೆಚ್ಚಬೇಕು. ಜುಬೀರ್ ಅವರೇ ಮಕ್ಕಳಿಗಾಗಿ ಬರೆದ ‘ಸೆಮೋಗಾ ಬಹಾಗಿಯಾ’ವನ್ನೂ ಅವಳು ಹಾಡಿ ತೋರಿಸಿದಳು. ಅಲ್ಲಿನ ಮಕ್ಕಳ ದಿನಾಚರಣೆಯ ಗೀತೆ ಅದು. ರಾಗ ನನಗೆ ರಾಷ್ಟ್ರಗೀತೆಗಿಂತಲೂ ಹಿಡಿಸಿತು.

ಶುಕ್ರವಾರ

ಪಡಾಂಗಿನ ಒಳಗೆ ಹೋಗಲು ಟಿಕೆಟ್ ಸಿಗುವುದು ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ, ಅದೂ ಲಾಟರಿ ಎತ್ತಿ. ನಾವು ಮಧ್ಯಾಹ್ನವೇ ಮರೀನಾ ಕೊಲ್ಲಿಯ ದಂಡೆಯಲ್ಲಿ ಚಾಪೆ ಹಾಸಿ ಜಾಗ ಹಿಡಿದೆವು. ಸೆಕೆ ವಿಪರೀತ. ಸುತ್ತಲೂ ಜನವೋ ಜನ, ಎಲ್ಲರ ಕೈಯಲ್ಲೂ ಮೊಬೈಲ್‌ನಲ್ಲಿ ಪೆರೇಡಿನ ನೇರಪ್ರಸಾರ. ಸೈನಿಕರಿಗೆ ಕೊಡುವ ಆಜ್ಞೆಗಳು ಮಲಯ ಭಾಷೆಯಲ್ಲಿ. ಚೀನೀ ಸೈನಿಕರೂ ತಮಿಳು ಸೈನಿಕರೂ ಆ ಮಾತಿಗೆ ಒಂದೇ ಸಲ ಹೆಜ್ಜೆ ತಿರುಗಿಸುತ್ತಾರೆ.

ದೊಡ್ಡ ಹೆಲಿಕಾಪ್ಟರ್ ಬೃಹತ್ ಬಾವುಟವನ್ನು ತೂಗುಬಿಟ್ಟುಕೊಂಡು ಕೊಲ್ಲಿಯ ಮೇಲೆ ಬಂದಾಗ ರಾಷ್ಟ್ರಗೀತೆ ಮೊದಲಾಯಿತು. ದಂಡೆಯ ಮೇಲೆ ಕುಳಿತವರೆಲ್ಲ ಎದ್ದರು. ನನ್ನ ಎಡಕ್ಕೆ ತಲೆವಸ್ತ್ರ ಕಟ್ಟಿದ ಮಲಯ ತಾಯಿ ಸರಾಗವಾಗಿ ಹಾಡಿದರು. ಬಲಕ್ಕೆ ಚೀನೀ ವೃದ್ಧರು ಪದ ಬಾರದ ಕಡೆ ಸ್ವರವನ್ನಷ್ಟೇ ಗುನುಗಿದರು. ನನ್ನ ತಂಗಿ ಹಾಡಿದಳು. ಮಲೆನಾಡಿನ ತೋಟದ ಮನೆಯಲ್ಲಿ ನನ್ನ ಜೊತೆ ಸಂಜೆ ಭಜನೆಗೆ ಕೂರುತ್ತಿದ್ದವಳು ಆ ಗೀತೆಯನ್ನು ಕಣ್ಣು ಮುಚ್ಚಿ ಹಾಡಿದ್ದನ್ನು ಕಂಡಾಗ ಅವಳ ಊರು ಈಗ ಇದು ಎಂಬುದು ನನಗೆ ಮನವರಿಕೆಯಾಯಿತು. ಒಂದು ಕ್ಷಣ ಸಂಕಟವೂ ಆಯಿತು. ಆಮೇಲೆ ಅದು ಸಮಾಧಾನವಾಗಿ ಬದಲಾಯಿತು.

ಕತ್ತಲಾದ ಮೇಲೆ ಬಾಣಬಿರುಸು. ಅದು ಮುಗಿದು ಜನ ಕರಗುವಾಗ ಪಕ್ಕದ ಗುಂಪೊಂದು ‘ಹೋಮ್’ ಹಾಡಲು ತೊಡಗಿತು. ಡಿಕ್ ಲೀ ಬರೆದು ಕಿಟ್ ಚಾನ್ ಹಾಡಿದ 1998ರ ಗೀತೆ. ಇದೂ ರಾಷ್ಟ್ರೀಯ ದಿನಕ್ಕೆಂದೇ ಬರೆಸಿದ್ದು. ಆದರೂ ಇದರಲ್ಲಿ ಎದೆ ತಟ್ಟುವುದಿಲ್ಲ, ಸಾಧನೆಯ ಪಟ್ಟಿಯಿಲ್ಲ. ದೂರ ಹೋದವನೊಬ್ಬ ತನ್ನೂರಿನ ನದಿಯನ್ನು, ಬೀದಿಗಳನ್ನು ನೆನೆಯುತ್ತಾನೆ. ಗುಂಪಿನಲ್ಲಿದ್ದವರು ಇಪ್ಪತ್ತರ ಆಸುಪಾಸಿನವರು, ಈ ಹಾಡು ಬಂದಾಗ ಹುಟ್ಟಿರಲೇ ಇಲ್ಲ. ಯಾರೂ ಅವರಿಗೆ ಹಾಡಲು ಹೇಳಿರಲಿಲ್ಲ. ನನ್ನ ಪ್ರಶ್ನೆಗೆ ಅಲ್ಲಿ ದಂಡೆಯ ಮೇಲೆ ಒಂದು ಉತ್ತರ ಸಿಕ್ಕಿತು. ಬರೆಸಿದವರು ಯಾರೆಂಬುದು ಮುಖ್ಯವಲ್ಲ. ಹಾಡಿನಲ್ಲಿ ಕಣ್ಣಿಗೆ ಕಾಣುವ ಊರು ಇರಬೇಕು, ಸಾಮಾನ್ಯ ಕಂಠಕ್ಕೆ ಎಟುಕಬೇಕು, ಹಾಡುವವರಿಗೆ ಉಪದೇಶ ಮಾಡಬಾರದು.

ಶನಿವಾರ

ಇಡೀ ದಿನ ಮನೆಯಲ್ಲೇ ಇದ್ದೆವು. ಮಗುವಿನ ಬಾಯಿಂದ ‘ಮುನ್ನೇರು ವಾಲಿಬಾ’ದ ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಸ್ವರ ಹಾಕಿದೆ.

ಭಾನುವಾರ

ಲಿಟಲ್ ಇಂಡಿಯಾ. ವಾರವಿಡೀ ಕಟ್ಟಡ ಕಟ್ಟುವ, ಹಡಗುಕಟ್ಟೆಯಲ್ಲಿ ದುಡಿಯುವ ತಮಿಳುನಾಡಿನ, ಬಾಂಗ್ಲಾದೇಶದ ಕಾರ್ಮಿಕರು ಭಾನುವಾರ ಇಲ್ಲಿಗೆ ಬರುತ್ತಾರೆ. ಹಣ ಕಳಿಸುವುದು, ತರಕಾರಿ ಕೊಳ್ಳುವುದು, ಹುಲ್ಲಿನ ಮೇಲೆ ಕುಳಿತು ಊರಿನ ಮಾತಾಡುವುದು. ಪುದುಕೋಟೆ ಕಡೆಯ ಒಬ್ಬ ಹುಡುಗನ ಜೊತೆ ನನಗೆ ಬರುವ ತಮಿಳಿನಲ್ಲಿ ಮಾತಾಡಿದೆ. 2020ರ ಏಪ್ರಿಲ್‌ನಲ್ಲಿ ಕೊರೊನಾ ಹರಡಿದಾಗ ಅವನು ಕಾರ್ಮಿಕರ ವಸತಿಗೃಹದಲ್ಲಿದ್ದ. ಮೂರು ಲಕ್ಷಕ್ಕೂ ಹೆಚ್ಚು ಜನ ಅಂಥ ವಸತಿಗೃಹಗಳಲ್ಲಿ ಹೊರಗೆ ಕಾಲಿಡಲಾಗದೆ ಉಳಿದ ತಿಂಗಳುಗಳು ಅವು. ಆಗ ದೇಶದ ಸೋಂಕಿತರಲ್ಲಿ ಬಹುಪಾಲು ಅವರೇ. ಏಪ್ರಿಲ್ 25ರ ಸಂಜೆ 7.55ಕ್ಕೆ ಸಿಂಗಾಪುರದ ಜನ ತಮ್ಮ ತಮ್ಮ ಕಿಟಕಿಗಳಲ್ಲಿ ನಿಂತು ಆರೋಗ್ಯ ಸಿಬ್ಬಂದಿಗಾಗಿ, ಈ ಕಾರ್ಮಿಕರಿಗಾಗಿ ‘ಹೋಮ್’ ಹಾಡಿದ್ದರು.

‘ಕೇಳಿಸಿತೇ?’ ಎಂದೆ.

‘ಮೊಬೈಲ್‌ನಲ್ಲಿ ನೋಡಿದೆವು ಅಕ್ಕಾ. ನಮ್ಮ ಕೋಣೆಯಲ್ಲಿ ಇದ್ದ ಹನ್ನೆರಡು ಮಂದಿಯೂ ಸೇರಿ ನೋಡಿದೆವು. ಚೆನ್ನಾಗಿತ್ತು. ಆಮೇಲೆ ನಾವು ಇಳೆಯರಾಜಾ ಹಾಕಿಕೊಂಡೆವು.’

ಅವನಿಗೆ ಆ ಹಾಡಿನ ಮೇಲೆ ಬೇಸರವಿರಲಿಲ್ಲ. ನನಗೆ ಮಾತ್ರ ಒಂದು ಕೊರತೆ ಕಂಡಿತು. ಆ ಊರನ್ನು ಇಟ್ಟಿಗೆ ಇಟ್ಟಿಗೆಯಾಗಿ ಕಟ್ಟಿದವರ ಹಾಡು ಅಲ್ಲಿನ ಪುಸ್ತಕದಲ್ಲಿ ಇನ್ನೂ ಸೇರಿಲ್ಲ. ಬರೆಯುವವರಿಗೆ ಕೊರತೆಯಿಲ್ಲ. 2014ರಲ್ಲಿ ಅಲ್ಲಿ ವಲಸೆ ಕಾರ್ಮಿಕರ ಕವಿತಾ ಸ್ಪರ್ಧೆ ಶುರುವಾಯಿತು, ಬಂಗಾಳಿಯಲ್ಲಿ, ತಮಿಳಿನಲ್ಲಿ ಅವರು ಬರೆದು ಓದುತ್ತಿದ್ದಾರೆ. ಅವುಗಳಲ್ಲಿ ಒಂದಕ್ಕೆ ರಾಗ ಹಾಕಿ ಯಾವುದಾದರೂ ಆಗಸ್ಟ್ 9ರಂದು ಪಡಾಂಗಿನಲ್ಲಿ ಹಾಡಿಸುವ ಕಾಲ ಬರಲಿ ಎಂದು ಮನಸಾರೆ ಹಾರೈಸಿದೆ. ಮಲಯದಲ್ಲಿ ರಾಷ್ಟ್ರಗೀತೆ ಇಟ್ಟುಕೊಂಡ ದೇಶಕ್ಕೆ ಅದು ಅಸಾಧ್ಯವೇನಲ್ಲ.

ರಾತ್ರಿ ಪೆಟ್ಟಿಗೆ ಕಟ್ಟುವಾಗ ತಂಗಿ ಕೇಳಿದಳು, ‘ಅಕ್ಕಾ, ಹದಿನೈದಕ್ಕೆ ನಿಮ್ಮ ಮಹಿಳಾ ತಂಡ ಏನು ಹಾಡುತ್ತದೆ?’ ಅಭ್ಯಾಸ ಮಾಡಿಟ್ಟ ಹಾಡಿನ ಜೊತೆಗೆ ತುಂಗೆಯ ಹೆಸರಿರುವ ಯಾವುದಾದರೂ ಒಂದು, ಕೊನೆಗೆ ಈ ತಮಿಳು ಹಾಡು ಎಂದೆ. ಇರುವುದು ಮೂರೇ ದಿನದ ಅಭ್ಯಾಸ, ಶ್ರುತಿಯನ್ನು ಒಂದು ಮನೆ ಇಳಿಸಿದರೆ ಎಲ್ಲರಿಗೂ ಎಟುಕುತ್ತದೆ.